ಕಿವಿಯ ಅರ್ಧಕ್ಕೆ

ನನಗೆ ಸಿಟ್ಟು ಬಂದಿದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಇದೇನಿದು ಈ ಮನುಷ್ಯ ಹೀಗೆ ಕೂಗಾಡುತ್ತಾನೆ ಎನ್ನಬಾರದು. ರಸ್ತೆಯ ಗುಂಡಿ ನೋಡಿ ಸಿಟ್ಟಾಗುವವರಿದ್ದಾರೆ, ಪೇಪರ್ ಓದಿ ಸಿಟ್ಟಾಗುವವರಿದ್ದಾರೆ. ಅವರ ಸಿಟ್ಟಿಗೆ ಒಂದು ಗೌರವವಿದೆ. ನನ್ನ ಸಿಟ್ಟು ಎರಡಂಗುಲ ಕೂದಲಿಗೆ ಸಂಬಂಧಪಟ್ಟದ್ದು. ಕಿವಿಯ ಮುಂದಿನಿಂದ ಕೆನ್ನೆಗೆ ಇಳಿಯುತ್ತದಲ್ಲ, ಕ್ಷೌರಿಕರು ಸೈಡ್‌ಲಾಕ್ ಎನ್ನುವುದು, ಅದು. ನಗುವವರು ಈಗಲೇ ನಕ್ಕುಬಿಡಿ. ನನ್ನ ತಲೆಯ ಮೇಲಿನ ಕೂದಲು ಮೂವತ್ತೈದು ತುಂಬುವ ಮೊದಲೇ ಕೈಕೊಟ್ಟಿತು. ಎಣ್ಣೆ, ಲೇಹ್ಯ, ಈರುಳ್ಳಿ ರಸ ಯಾವುದಕ್ಕೂ ಅದು ಬಗ್ಗಲಿಲ್ಲ. ನನ್ನನ್ನು ನಂಬಿ ಉಳಿದದ್ದು ಕೆನ್ನೆಯ ಮೇಲಿನ ಈ ಎರಡು ಪಟ್ಟಿ ಮಾತ್ರ. ಕನ್ನಡಿಯ ಮುಂದೆ ನಿಂತಾಗ ಬಾಚಣಿಗೆಗೆ ಸ್ವಲ್ಪವಾದರೂ ಕೆಲಸ ಕೊಡುತ್ತಿದ್ದವು. ಈಗ ಅವೂ ಇಲ್ಲ.

ನಾನು ರಾಣೆಬೆನ್ನೂರಿನವನು. ಅಚ್ಯುತಾಪುರಂನ ಒಂದು ಮಾತ್ರೆ ಕಾರ್ಖಾನೆಯಲ್ಲಿ ಗುಣಮಟ್ಟ ನೋಡಿಕೊಳ್ಳುವ ಕೆಲಸ, ದುವ್ವಾಡದಲ್ಲಿ ಬಾಡಿಗೆ ಕೋಣೆ. ಹೆಂಡತಿ ಸುಮಂಗಲಾ ಬ್ಯಾಂಕಿನಲ್ಲಿ ಅಧಿಕಾರಿ. ಆಕೆಯನ್ನು ವಿಜಯವಾಡಕ್ಕೆ ವರ್ಗ ಮಾಡಿದ್ದಾರೆ. ಹಾಗಾಗಿ ನಮ್ಮ ಸಂಸಾರ ನಡೆಯುವುದು ಶನಿವಾರ ದುವ್ವಾಡದಲ್ಲಿ ಹತ್ತಿದ ರೈಲು ಹೊತ್ತಿಗೆ ಸರಿಯಾಗಿ ವಿಜಯವಾಡ ತಲುಪಿದರೆ. ನನ್ನ ಕೆಲಸವೇನೆಂದು ಕೇಳಿದವರಿಗೆ ನಾನು ಹೇಳುವುದು ಒಂದೇ ಮಾತು: ಬೇರೆಯವರ ಕಣ್ಣಿಗೆ ಬೀಳದ್ದನ್ನು ನೋಡುವುದು. ಮಾತ್ರೆಯ ಅಂಚು ಕೂದಲೆಳೆಯಷ್ಟು ಮುಕ್ಕಾಗಿದ್ದರೂ ನನಗೆ ಕಾಣುತ್ತದೆ. ತಪ್ಪು ಸಿಕ್ಕ ಮೇಲೆ ತುಂಬಲು ನಾಲ್ಕು ಪುಟದ ಒಂದು ಫಾರಂ ಇದೆ. ಅದರ ಕೊನೆಯ ಖಾನೆ, ‘ಇದನ್ನು ಗಮನಿಸಬೇಕಾಗಿದ್ದವರು ಯಾರು?’ ಆ ಖಾನೆಗೆ ಹೆಸರು ಬರೆಯುವಾಗ ನನಗಾಗುವ ಸಂತೋಷವನ್ನು ಮುಚ್ಚಿಡುವುದಿಲ್ಲ.

ಒಂದು ದಿನ ಪ್ಯಾಕಿಂಗ್ ಕೋಣೆಯ ತಟ್ಟೆಯಲ್ಲಿ ಕೂದಲು ಸಿಕ್ಕಿತು. ಗಿಡ್ಡದು, ಕಪ್ಪು, ತುದಿಯಲ್ಲಿ ಕೊಂಚ ಸುರುಳಿ. ಎಲ್ಲರೂ ಟೋಪಿ ಹಾಕಿಯೇ ಒಳಗೆ ಹೋಗುವುದರಿಂದ ಇದು ತಲೆಯದಲ್ಲ, ಟೋಪಿಯ ಕೆಳಗೆ ಇಣುಕುವ ಸೈಡ್‌ಲಾಕಿನದು ಎಂದು ಪತ್ತೆಹಚ್ಚಿದವನು ನಾನು. ಯಾರದ್ದೆಂದು ಗೊತ್ತಾಗಲಿಲ್ಲ. ಗೊತ್ತಾಗದಿದ್ದರೇನು, ಎಲ್ಲರನ್ನೂ ಹಿಡಿದರಾಯಿತು ಎಂದು ಸ್ಟೀಲ್ ಸ್ಕೇಲ್ ಹಿಡಿದು ಹೊರಟೆ. ಪ್ಯಾಕಿಂಗ್ ವಿಭಾಗದ ನಲವತ್ತೆರಡು ಮಂದಿಯ ಎಡಗೆನ್ನೆ, ಬಲಗೆನ್ನೆ ಅಳೆದೆ. ಅಳೆದದ್ದನ್ನು ಬರೆದೆ. ಬರೆಯುತ್ತ ಹೋದಂತೆ ನನಗೆ ಹುರುಪು ಬಂದು, ನಿಯಮಾವಳಿಯ ಹಿಂದೆ ಸೈಡ್‌ಲಾಕುಗಳ ಬಗೆಯ ಮೇಲೆ ಚಿತ್ರ ಸಮೇತ ಒಂದು ಅನುಬಂಧವನ್ನೇ ಸೇರಿಸಿದೆ.

ಆ ಅನುಬಂಧವನ್ನು ಯಾರೂ ಓದಲಿಲ್ಲ, ಅದಕ್ಕೂ ನನಗೆ ಸಿಟ್ಟಿದೆ. ಮೀಸೆಗೆ ಹೋಗಿ ಸೇರುವ ಬಗೆ ಎಲ್ಲಕ್ಕಿಂತ ಹಳೆಯದು, ಶಾಲೆಯ ಇತಿಹಾಸ ಪುಸ್ತಕದ ಪಾಳೆಯಗಾರರೆಲ್ಲ ಹಾಗೇ ಇದ್ದರು. ಅಮೆರಿಕದಲ್ಲಿ ಒಬ್ಬ ಸೇನಾಪತಿ ಗದ್ದ ಬೋಳಿಸಿ ಕೆನ್ನೆ ಪೂರ್ತಿ ಬೆಳೆಸಿದ್ದನಂತೆ. ಅವನ ಹೆಸರನ್ನೇ ಹಿಂದುಮುಂದು ಮಾಡಿ ಇಂಗ್ಲಿಷಿನವರು ಈ ಕೂದಲಿಗೆ ಇಟ್ಟರಂತೆ. ಯುದ್ಧದಲ್ಲಿ ಏನು ಮಾಡಿದನೋ ಯಾರಿಗೂ ನೆನಪಿಲ್ಲ, ಕೆನ್ನೆ ಮಾತ್ರ ಉಳಿಯಿತು. ಆಮೇಲೆ ಬೆಲ್‌ಬಾಟಮ್ ಕಾಲದ ಬೂಟಿನಾಕಾರದ್ದು. ನಮ್ಮ ಸೋದರಮಾವನ ಮದುವೆಯ ಫೋಟೋದಲ್ಲಿ ಪ್ಯಾಂಟು ಕೆಳಗೆ ಅಗಲವಾದಂತೆಯೇ ಸೈಡ್‌ಲಾಕೂ ಕೆಳಗೆ ಅಗಲವಾಗಿದೆ, ಪಕ್ಕದಲ್ಲಿ ಅತ್ತೆ ಹೆದರಿ ನಿಂತಿದ್ದಾಳೆ. ನಮ್ಮ ಕಾಲೇಜಿನ ಹೊತ್ತಿಗೆ ಅದು ಓರೆಯಾಗಿ ಕತ್ತರಿಸಿದ ಚೂಪು ಚಾಕುವಾಯಿತು. ಈಗಿನವರದ್ದು ಫೇಡ್. ಮೇಲೆ ದಟ್ಟ, ಕೆಳಗೆ ಬರುತ್ತ ಬರುತ್ತ ಮಾಯ. ಎಲ್ಲಿ ಮುಗಿಯಿತೆಂದು ಸ್ಕೇಲಿಗೂ ಗೊತ್ತಾಗುವುದಿಲ್ಲ. ಇಷ್ಟೆಲ್ಲ ಬರೆದು ಕೊನೆಗೆ ಒಂದೇ ಒಂದು ನಿಯಮ ಮಾಡಿದೆ. ಸೈಡ್‌ಲಾಕ್ ಕಿವಿಯ ಅರ್ಧಕ್ಕೆ ನಿಲ್ಲಬೇಕು, ಅದಕ್ಕಿಂತ ಕೆಳಗಿಳಿದರೆ ಗಡ್ಡದವರು ಹಾಕುವ ಬಟ್ಟೆಚೀಲವನ್ನು ಮುಖಕ್ಕೆ ಹಾಕಿಕೊಂಡೇ ಒಳಗೆ ಬರಬೇಕು. ಮೇಲಿನವರು ಒಂದೇ ದಿನದಲ್ಲಿ ಸಹಿ ಹಾಕಿದರು. ನನ್ನ ಸಂಬಳದ ಕಾಗದಕ್ಕೆ ಅವರು ಎಂದೂ ಅಷ್ಟು ಬೇಗ ಸಹಿ ಹಾಕಿದ್ದಿಲ್ಲ.

ಸೋಮವಾರ ಬೆಳಗ್ಗೆ ಪ್ಯಾಕಿಂಗ್ ಕೋಣೆಯ ಬಾಗಿಲಲ್ಲಿ ಮೇಲ್ವಿಚಾರಕ ಅಪ್ಪಲರಾಜು ನಿಂತಿದ್ದ. ದಪ್ಪ ಸೈಡ್‌ಲಾಕಿನ ಗಟ್ಟಿ ಆಳು. ಭಾನುವಾರವೇ ಅದನ್ನು ತೆಗೆಸಿ, ಸುಲಿದ ಆಲೂಗಡ್ಡೆಯಂಥ ಮುಖ ಮಾಡಿಕೊಂಡು ಬಂದಿದ್ದ. ಒಬ್ಬೊಬ್ಬರನ್ನೇ ಅಳೆದು ಒಳಗೆ ಬಿಡುವ ಕೆಲಸ ಅವನದು. ನಾನು ಎಂದಿನಂತೆ ನುಗ್ಗಲು ಹೋದೆ. ಅವನು ಬಹಳ ವಿನಯದಿಂದ ಸ್ಕೇಲ್ ಅಡ್ಡ ಹಿಡಿದು, “ಮರಿ ಮೀದಿ, ಸಾರ್?” ಎಂದ. ಹಾಗಾದರೆ ನಿಮ್ಮದು ಎಂದು ತೆಲುಗಿನಲ್ಲಿ ಕೇಳಿದ್ದು.

ದೇವರಾಣೆಗೂ ಹೇಳುತ್ತೇನೆ, ಆ ಕ್ಷಣದವರೆಗೆ ನನಗೂ ಸೈಡ್‌ಲಾಕ್ ಇದೆ ಎಂಬುದು ಹೊಳೆದಿರಲಿಲ್ಲ. ನಲವತ್ತೆರಡು ಜನರನ್ನು ಅಳೆದವನು ನಲವತ್ತಮೂರನೆಯವನನ್ನು ಅಳೆದಿರಲಿಲ್ಲ. “ನಾನು ನಿಯಮ ಮಾಡಿದವನಯ್ಯಾ!” ಎಂದು ಕೂಗಿದೆ. “ಅವುನಂಡಿ, ಹೌದು ಸಾರ್, ಅದಕ್ಕೇ ನಿಮಗೆ ಚೆನ್ನಾಗಿ ತಿಳಿದಿರುತ್ತದೆ,” ಎಂದು ಅಪ್ಪಲರಾಜು ತಣ್ಣಗೆ ಬಟ್ಟೆಚೀಲ ಕೈಗಿಟ್ಟ. ಹಿಂದೆ ಸಾಲಿನಲ್ಲಿ ನಿಂತವರು ಯಾರೋ ಕಿಸಕ್ಕನೆ ನಕ್ಕರು. ಆ ವಾರವಿಡೀ ಬಾಯಿಗೆ ಕುಕ್ಕೆ ಹಾಕಿದ ಎತ್ತಿನಂತೆ ಓಡಾಡಿದೆ. ಉಸಿರು ಬಿಟ್ಟರೆ ಕನ್ನಡಕ ಮಂಜಾಗುತ್ತಿತ್ತು, ಕಂಕುಳಲ್ಲಿ ಬೆವರು, ಮೈಯೆಲ್ಲ ಉರಿ. ಅಪ್ಪಲರಾಜುವಿನ ಮೇಲೆ, ಸಹಿ ಹಾಕಿದವರ ಮೇಲೆ, ಆ ಅಮೆರಿಕದ ಸೇನಾಪತಿಯ ಮೇಲೆ ಎಲ್ಲರ ಮೇಲೂ ಸಿಟ್ಟು ಬಂತು.

ಆ ಶನಿವಾರ ವಿಜಯವಾಡದ ಮನೆಯ ಗಂಟೆ ಒತ್ತಿದಾಗಲೂ ಕುದಿಯುತ್ತಲೇ ಇದ್ದೆ. ಚೀಲದ ಸಂಗತಿಯನ್ನೆಲ್ಲ ಹಿಂದಿನ ದಿನವೇ ಫೋನಿನಲ್ಲಿ ಹೇಳಿಕೊಂಡಿದ್ದೆ. ಬಾಗಿಲು ತೆಗೆದ ಸುಮಂಗಲಾ ಪಕ್ಕಕ್ಕೆ ಸ್ವಲ್ಪ ತಿರುಗಿ ನಿಂತು, “ಹೆಂಗೈತ್ರಿ?” ಎಂದಳು. ಕೇಳುವವರು ಒಬ್ಬರಾದರೂ ಇದ್ದಾರಲ್ಲ ಎಂದುಕೊಂಡೆ. “ಭಾಳ ಕೆಟ್ಟ ಕಾಣ್ತೈತಿ. ಮಂದಿ ನೋಡಿ ನಗಾಕತ್ತಾರ,” ಎಂದೆ. ಆಕೆ ಒಳಗೆ ಹೋದಳು. ನಾನು ಸೋಫಾದಲ್ಲಿ ಕೂತು ಆ ಇಡೀ ದಿನ, ಮರುದಿನ ರೈಲು ಹತ್ತುವವರೆಗೂ, ನನ್ನ ಕೆನ್ನೆಯ ಕಥೆಯನ್ನು ಹೇಳಿದೆ. ಊಟಕ್ಕೆ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು, ಉಪ್ಪು ಕಡಿಮೆ ಎಂಬುದನ್ನೂ ಗಮನಿಸಿ ಹೇಳಿದೆ.

ಬುಧವಾರ ಸೋತೆ. ದುವ್ವಾಡದ ಸಲೂನಿನಲ್ಲಿ ಕೂತು, ಅರ್ಧ ಯಾಕೆ, ಪೂರ್ತಿ ತೆಗೆದುಬಿಡು ಎಂದೆ. ಎರಡು ಸಲ ಕತ್ತಿ ಎಳೆದ, ಮುಗಿಯಿತು. ಇಷ್ಟು ವರ್ಷದ್ದು ನೆಲದ ಮೇಲೆ ಒಂದು ಹಿಡಿಯೂ ಆಗಲಿಲ್ಲ. ಕನ್ನಡಿಯಲ್ಲಿ ಎರಡು ಕಿವಿಗಳು ಗೋಡೆಗೆ ಹೊಡೆದ ಗೂಟಗಳಂತೆ ನಿಂತಿದ್ದವು. ನನಗೆ ಅಳು ಬಂತು, ಅದನ್ನೂ ಸಿಟ್ಟೆಂದೇ ತೋರಿಸಿಕೊಂಡು ಎದ್ದು ಬಂದೆ.

ಮತ್ತೆ ಶನಿವಾರ. ಸುಮಂಗಲಾ ಬಾಗಿಲು ತೆಗೆದಳು, ನನ್ನನ್ನು ನೋಡಿದಳು, “ಕೈಕಾಲು ತೊಳಕೋರಿ, ಚಾ ಇಡ್ತೀನಿ,” ಎಂದಳು. ಅಷ್ಟೇ. ಚಾ ಕುಡಿದೆವು. ಊಟ ಮಾಡಿದೆವು. ಭಾನುವಾರ ಮಧ್ಯಾಹ್ನದವರೆಗೆ ಕಾದೆ. ಬೇಕೆಂದೇ ಎಡಗೆನ್ನೆ ತೋರಿಸಿ ಕೂತೆ, ಬಲಗೆನ್ನೆ ತೋರಿಸಿ ಕೂತೆ. ಕೊನೆಗೆ ಸಿಟ್ಟು ನೆತ್ತಿಗೇರಿ, “ನಿನಗ ಕಣ್ಣ ಅದಾವೇನು? ಕಟ್ಟಿಕೊಂಡ ಗಂಡನ ಮುಖ ಅರ್ಧ ಹೋಗೈತಿ, ನಿನಗ ಕಾಣಲ್ಲೇನು?” ಎಂದು ಕೂಗಿದೆ.

“ಕಂಡೈತ್ರಿ,” ಎಂದಳು. “ನಿನ್ನೆ ಬಾಗಲಾ ತಗದಾಗನ ಕಂಡೈತಿ. ನಿಮಗ ಯಾವಾಗ ಕಾಣತೈತಿ ಅಂತ ನೋಡಾಕತ್ತಿದ್ದೆ.” ಹಾಗೆಂದು ಬೆನ್ನು ತಿರುಗಿಸಿ ನಿಂತಳು. ಮದುವೆಯ ದಿನದಿಂದ ಸೊಂಟದವರೆಗೆ ಇಳಿದಿದ್ದ ಜಡೆ ಇರಲಿಲ್ಲ. ಕೂದಲು ಹೆಗಲಿಗೆ ನಿಂತಿತ್ತು. “ಇದು ಹೋಗಿ ಹತ್ತು ದಿನ ಆತು. ಹೆಂಗೈತಿ ಅಂತ ಕೇಳಿದ್ನೆಲ್ರೀ. ಭಾಳ ಕೆಟ್ಟ ಕಾಣ್ತೈತಿ, ಮಂದಿ ನಗಾಕತ್ತಾರ ಅಂದ್ರಿ.”

ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. “ಚಲೋ ಐತಿ,” ಎಂದೆ. “ಹೌದೇನ್ರೀ? ಸ್ಕೇಲ್ ತಂದುಕೊಡ್ಲೇನು?” ಎಂದು ಕೇಳಿ ಒಳಗೆ ಹೋದಳು.

ಸೋಮವಾರ ಅಪ್ಪಲರಾಜು ನನ್ನ ಎರಡೂ ಕೆನ್ನೆ ಅಳೆದು, ಸರಿಯಾಗಿದೆ ಎಂದು ಒಳಗೆ ಬಿಟ್ಟ. ಮೇಜಿನ ಮೇಲೆ ಪ್ಯಾಕಿಂಗ್ ತಟ್ಟೆಯ ಕೂದಲಿನ ಫಾರಂ ಇನ್ನೂ ಹಾಗೇ ಬಿದ್ದಿತ್ತು, ಕೊನೆಯ ಖಾನೆ ಖಾಲಿ. ‘ಇದನ್ನು ಗಮನಿಸಬೇಕಾಗಿದ್ದವರು ಯಾರು?’ ಪೆನ್ನು ತೆಗೆದು ನನ್ನ ಹೆಸರನ್ನೇ ಬರೆದೆ. ಯಾವ ಕೂದಲಿಗೆ ಎಂದು ಅದರಲ್ಲಿ ಯಾರೂ ಕೇಳಿರಲಿಲ್ಲ.