ನಾಲ್ಕನೆಯ ಚಾನಲ್ಲಿನಲ್ಲಿ ಕೂತ ನಮ್ಮ ಸೋದರತ್ತೆ

‘ಸುತ್ತುದನಿ’ ತಂತ್ರಾಂಶವನ್ನು ರೂಪಿಸಿದ ಮಹನೀಯರಿಗೆ, ಕೊರಟಗೆರೆ ಬಸ್ ನಿಲ್ದಾಣದ ಹಿಂದೆ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಪ್ರಸನ್ನ ಕುಮಾರನು ಎರಡೂ ಕಿವಿ ಮುಟ್ಟಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಮ್ಮ ಕೃಪೆಯಿಂದ ನಾವೆಲ್ಲ ಕ್ಷೇಮ. ಅದೇ ಕೃಪೆಯಿಂದ ನಮ್ಮ ಸೋದರತ್ತೆ ಚಿಕ್ಕಲಕ್ಷ್ಮಮ್ಮನವರು ನನ್ನೊಡನೆ ಮಾತು ಬಿಟ್ಟು ಇಂದಿಗೆ ಹನ್ನೊಂದು ದಿನ. ಬರುವ ಭಾನುವಾರ ನನ್ನ ಮಗಳು ಅಶ್ವಿನಿಯ ಮದುವೆ. ಹಸೆಗೆ ಸೋಬಾನೆ ಹೇಳಬೇಕಾದವರು ಅತ್ತೆಯೇ. ಅವರು ಪದ ಎತ್ತಿಕೊಡದಿದ್ದರೆ ಉಳಿದ ಏಳು ಹೆಂಗಸರು ಬಾಯಿ ತೆರೆಯುವುದಿಲ್ಲ. ಹುಡುಗಿ ಛತ್ರದ ಫ್ಯಾನಿನ ಸದ್ದು ಕೇಳಿಕೊಂಡು ಹಸೆಯ ಮೇಲೆ ಕೂರಬೇಕಾಗುತ್ತದೆ.

ಆದದ್ದಿಷ್ಟು. ತೋವಿನಕೆರೆಯ ಕದಿರಯ್ಯನವರ ಮನೆ ಮದುವೆಯಲ್ಲಿ ಎಂಟು ಸೋಬಾನೆ ಹೆಂಗಸರ ಮುಂದೆ ಎಂಟು ಮೈಕು ನೆಟ್ಟು, ಎಂಟು ದನಿಯನ್ನೂ ಬೇರೆಬೇರೆಯಾಗಿ ಹಿಡಿದೆ. ಎರಡೇ ಬಟ್ಟಲಿನ ಹೆಡ್‌ಫೋನಿನಲ್ಲಿ ಕೇಳಿದರೂ ಹಾಡುವವರ ನಡುವೆಯೇ ಕೂತಂತಾಗುತ್ತದೆ ಎಂದು ತಾವು ಬರೆದುಕೊಂಡಿದ್ದಿರಿ. ಯಾವುದೋ ಕೋಣೆಯಲ್ಲಿ ಯಾರೋ ಮಹನೀಯರ ಕಿವಿಗೆ ಯಾವ ದಿಕ್ಕಿನಿಂದ ಸದ್ದು ಹೇಗೆ ಬಂದು ಬೀಳುತ್ತದೆಂದು ಅಳೆದು, ಆ ಅಳತೆಯಲ್ಲಿ ಪ್ರತಿ ಚಾನಲ್ಲನ್ನೂ ಅದ್ದಿ ತೆಗೆಯುತ್ತೀರಂತೆ. ಮುಖ ಪರಿಚಯವೂ ಇಲ್ಲದ ಆ ಪುಣ್ಯಾತ್ಮರ ಕಿವಿಗಳನ್ನು ನಮ್ಮತ್ತೆಗೆ ತೊಡಿಸಿದ ತಮ್ಮ ಔದಾರ್ಯ ದೊಡ್ಡದು.

ಯಾವ ದನಿ ಯಾವ ಚಾನಲ್ಲಿಗೆ ಎಂದು ತಾವು ಎಂಟು ಖಾನೆ ಕೊಟ್ಟಿದ್ದಿರಿ. ನಾನು ಹೆಂಗಸರನ್ನು ಕೂತ ಸಾಲಿನಲ್ಲೇ ತುಂಬಿದೆ. ಪದ ಎತ್ತಿಕೊಡುವ ಹಿರಿಯಳು ನಡುವೆ ಕೂರುವುದು ನಮ್ಮ ಕಡೆಯ ಪದ್ಧತಿಯಾದ್ದರಿಂದ ಅತ್ತೆ ನಾಲ್ಕನೆಯವರಾದರು. ತಮ್ಮ ನಾಲ್ಕನೆಯ ಖಾನೆಯಾದರೋ ಮನುಷ್ಯರಿಗಲ್ಲ, ಗುಡುಗು, ಬಾಂಬು ಇತ್ಯಾದಿಗಳಿಗೆ ಮೀಸಲು. ಅಲ್ಲಿಗೆ ಏನೇ ಬಂದರೂ ದಪ್ಪ ಸದ್ದನ್ನಷ್ಟೇ ಉಳಿಸಿ ಮಿಕ್ಕದ್ದನ್ನೆಲ್ಲ ಸೋಸಿಬಿಡುತ್ತೀರಿ. ಇದನ್ನು ಸಹಾಯಪುಸ್ತಕದ ಮೂವತ್ತೊಂದನೆಯ ಪುಟದಲ್ಲಿ ಇರುವೆ ಗಾತ್ರದ ಅಕ್ಷರಗಳಲ್ಲಿ ತಿಳಿಸಿಯೇ ಇದ್ದೀರಿ. ಓದದೆ ಹೋದ ಪಾಪಿ ನಾನೇ.

ಸಿದ್ಧವಾದ ಹಾಡು ಕೇಳಲು ರೇಷ್ಮೆ ಸೀರೆಯುಟ್ಟು ನನ್ನ ಅಂಗಡಿಗೆ ಬಂದ ಅತ್ತೆ, ಎಲ್ಲರೆದುರು ಓಲೆ ಸರಿಸಿಕೊಂಡು ಹೆಡ್‌ಫೋನ್ ಹಾಕಿದರು. ಎಡಗಡೆಯ ಬಟ್ಟಲಿನಲ್ಲಿ ಆ ಎಂಟು ಮಂದಿಯಲ್ಲೊಬ್ಬರಾದ ಪಟಾಲಮ್ಮ, ಅವರ ನಲವತ್ತು ವರ್ಷದ ಎದುರಾಳಿ, ಸ್ಪಷ್ಟವಾಗಿ ಹಾಡುತ್ತಿದ್ದರು. ಅತ್ತೆಯ ಜಾಗದಲ್ಲಿ ಬರೀ ಗುಂಯ್. “ಲೇ ಪ್ರಸನ್ನ, ನಾನೆಲ್ಲಿದ್ದೀನ್ಲಾ ಇದ್ರಾಗೆ? ಆ ಪಟಾಲಮ್ಮನ ಮಾತು ಕೇಳ್ಕಂಡು ನನ್ನೇ ತೆಗ್ದಾಕ್ಬುಟ್ಯಾ?” ಎಂದವರು ಹೆಡ್‌ಫೋನನ್ನು ನನ್ನ ಮಡಿಲಿಗೆ ಹಾಕಿ ಮಧುಗಿರಿಯ ಬಸ್ಸು ಹತ್ತಿದರು. ನನ್ನನ್ನು ಎತ್ತಿ ಆಡಿಸಿದ, ನನ್ನ ಮದುವೆಗೂ ಸೋಬಾನೆ ಹೇಳಿದ ಹೆಂಗಸು ಹಾಗೆ ಕಣ್ಣೊರೆಸಿಕೊಂಡು ಹೋದದ್ದು ನೋಡಿ ನನಗೆ ಅನ್ನ ಇಳಿಯಲಿಲ್ಲ.

ಆದ್ದರಿಂದ ಸವಿನಯ ಪ್ರಾರ್ಥನೆ. ನಾಲ್ಕನೆಯ ಖಾನೆಯನ್ನು ಮನೆಯ ಹಿರಿಯ ಹೆಂಗಸಿಗೆ ಬಿಟ್ಟುಕೊಟ್ಟು, ಗುಡುಗನ್ನು ಮಳೆ ಕಾಣದ ಪಾವಗಡದ ಕಡೆ ಕಳಿಸಿ. ಅಲ್ಲಿ ಅದಕ್ಕೆ ಒಳ್ಳೆಯ ಬೇಡಿಕೆಯಿದೆ. ಅತ್ತೆಯ ಕಿವಿಗಳನ್ನು ಓಲೆ, ತುರುಬು ಸಮೇತ ಅಳೆಯಲು ಒಬ್ಬ ಇಂಜಿನಿಯರನ್ನು ಟೇಪು ಕೊಟ್ಟು ಕಳಿಸಿ. ಎಲೆಅಡಿಕೆ, ಅರಿಶಿನ ಕುಂಕುಮ ಹಿಡಿದು ತಾವೇ ಬಂದು ಕರೆದರೆ ಇನ್ನೂ ಉತ್ತಮ. ಹಾಗೆ ಕರೆಯದೆ ಅವರು ಯಾವ ಹಸೆಗೂ ಹೋದವರಲ್ಲ.

ಇನ್ನೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಪ್ರಸನ್ನ ಕುಮಾರ್

ತಾ.ಕ.: ಲಕೋಟೆ ಅಂಟಿಸುವ ಮೊದಲು ಅತ್ತೆಯನ್ನು ಮೂರನೆಯ ಖಾನೆಗೆ ಬದಲಾಯಿಸಿ ನೋಡಿದೆ. ಅಬ್ಬಬ್ಬಾ! ನನ್ನ ಮೂಗಿನ ನೇರಕ್ಕೆ ಬಂದು ಕೂತು ಹಾಡಿದರು. ಕೂಡಲೇ ಫೋನು ಮಾಡಿದೆ. ಶುಕ್ರವಾರ ಪಟಾಲಮ್ಮನೂ ಪಕ್ಕದಲ್ಲೇ ಕೂತು ಕೇಳಬೇಕು, “ಒಂದಕ್ಸರ ತೆಗೆದಿದ್ರೂ ನಾನು ಮದ್ವೆಗೆ ಬರಾಕಿಲ್ಲ ಕಣ್ಲಾ” ಎಂಬ ಕರಾರಿನ ಮೇಲೆ ಅತ್ತೆ ಮತ್ತೆ ಕೇಳಲು ಬರುವುದಕ್ಕೆ ಒಪ್ಪಿದ್ದಾರೆ. ಆಮೇಲೆ ಕೊನೆಯವರೆಗೆ ಕೇಳಿದೆ. ಮೂರನೆಯ ಪದದ ನಡುವೆ ಅತ್ತೆ ಪಕ್ಕದವಳಿಗೆ ಹೇಳುತ್ತಿದ್ದಾರೆ: “ಈ ಪಟಾಲಮ್ಮ ಬಾಯಿ ಬುಟ್ರೆ ತಗಡು ಎಳ್ದಂಗಾಯ್ತದೆ ಕಣಮ್ಮ.” ನಾಲ್ಕನೆಯ ಖಾನೆಯಲ್ಲಿ ಇದೂ ಗುಂಯ್ ಎಂದೇ ಇತ್ತು. ಗುಡುಗನ್ನು ಪಾವಗಡಕ್ಕೆ ಕಳಿಸುವ ವಿಚಾರ ದಯವಿಟ್ಟು ಕೈಬಿಡಿ. ಶುಕ್ರವಾರ ಆ ಒಂದು ಮಾತಿನ ಹೊತ್ತಿಗೆ ಅದು ನಮ್ಮ ಮನೆಗೇ ಬೇಕಾಗಿದೆ.