ಬಾಗಿಲು ತೆರೆದರೆ ನೀರು

ಬಿಸಿಲಿನ ವಿಷಯದಲ್ಲಿ ಹೈದರಾಬಾದಿನವರಿಗೆ ಒಂದು ಬಗೆಯ ಸೊಕ್ಕು ಇರುತ್ತದೆ. ಬೇರೆ ಊರಿನವರು ಸೆಕೆ ಎಂದು ಬೀಸಣಿಗೆ ಹುಡುಕುವ ಹೊತ್ತಿಗೆ ನಾವು ಇನ್ನೊಂದು ಚಹಾ ತರಿಸುತ್ತೇವೆ. ನನಗಂತೂ ಈ ಸೊಕ್ಕು ತುಸು ಹೆಚ್ಚೇ. ನಾಚಾರಂನ ಎರಕದ ಕಾರ್ಖಾನೆಯಲ್ಲಿ ಕುಲುಮೆಯ ಪಕ್ಕದಲ್ಲೇ ನನ್ನ ಮೇಜು. ಕಂಪ್ಯೂಟರ್ ಕಲಿತವರಿಗೆಲ್ಲ ಸುಗ್ಗಿಯಾಗಿದ್ದ ಆ ವರ್ಷಗಳಲ್ಲಿ ನನ್ನ ಹೆಂಡತಿ ಸುಮಾಳನ್ನು ಅವಳ ಕಂಪನಿ ಕೆಲವು ತಿಂಗಳ ಕೆಲಸಕ್ಕೆಂದು ಇಟಲಿಗೆ ಕಳಿಸಿತು. ಜುಲೈನಲ್ಲಿ ನಾನು ರಜೆ ಹಾಕಿ, ಅತ್ತೆಯನ್ನು ಕರೆದುಕೊಂಡು ಹೊರಟೆ. "ಇಲ್ಲಿ ಈಗ ಭಾಳ ಬಿಸಲೈತಿ, ಟೊಪ್ಪಿಗಿ ತರ್ರಿ" ಎಂದು ಸುಮಾ ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂತು.

ಅತ್ತೆಗೆ ಇಟಲಿಯಲ್ಲಿ ಬೇಕಾಗಿದ್ದುದು ಒಂದೇ: ವೆನಿಸ್. ಕಾಚಿಗೂಡದ ಕನ್ನಡ ಶಾಲೆಯೊಂದರಲ್ಲಿ ಅವರು ಭೂಗೋಳದ ಟೀಚರಾಗಿದ್ದರು. "ವೆನಿಸ್‌ದಾಗ ರಸ್ತಾ ಇಲ್ಲ. ಮನೀ ಬಾಗಲಾ ತೆಗದ್ರ ನೀರು. ಮಂದಿ ಹೊಸ್ತಿಲದಿಂದ ಸೀದಾ ದೋಣಿಗೆ ಕಾಲಿಡ್ತಾರ" ಎಂದು ವರ್ಷ ವರ್ಷವೂ ಪಾಠ ಮಾಡಿದವರು. ನಿವೃತ್ತಿಯ ವರ್ಷ ಒಬ್ಬ ಹುಡುಗಿ ಎದ್ದು ನಿಂತು, "ನೀವು ನೋಡೀರೇನ್ರಿ ಟೀಚರ್?" ಎಂದು ಕೇಳಿಬಿಟ್ಟಳು. ಆ ಪ್ರಶ್ನೆ ಹಲ್ಲಿನ ಸಂದಿಗೆ ಸಿಕ್ಕ ಅಡಿಕೆ ಚೂರಿನಂತೆ ಅತ್ತೆಯನ್ನು ಕಾಡುತ್ತಿತ್ತು.

ಸುಮಾ ಆಫೀಸಿಗೆ ಹೋದ ಒಂದು ಬೆಳಿಗ್ಗೆ ನಾವಿಬ್ಬರೂ ವೆನಿಸ್‌ನಲ್ಲಿ ರೈಲು ಇಳಿದೆವು. ನಿಲ್ದಾಣದ ಹೊರಗೆ ಕಾಲಿಟ್ಟರೆ ಎದುರಿಗೇ ನೀರು, ದೋಣಿಗಳು. ಅತ್ತೆ ಕೈ ಮುಗಿದರು. ಆದರೆ ಊರೊಳಗೆ ನಡೆದಂತೆ ಅವರ ಮುಖ ಸಣ್ಣಗಾಯಿತು. ಎಲ್ಲೆಲ್ಲೂ ಓಣಿ! ಓಣಿಯಲ್ಲಿ ಅಂಗಡಿ, ಅಂಗಡಿಯ ಮುಂದೆ ಹಿಮಾಯತ್‌ನಗರದ ಸಂಜೆಯಂಥ ನೂಕುನುಗ್ಗಲು. ಎಲ್ಲರೂ ಹಾಯಾಗಿ ನಡೆದುಕೊಂಡೇ ಹೋಗುತ್ತಿದ್ದಾರೆ.

"ಅಳಿಯಾರ, ನಾ ಹುಡುಗೂರಿಗೆ ಸುಳ್ಳು ಹೇಳೀನೇನ್ರಿ?"

"ಹಂಗೇನಿಲ್ರಿ ಅತ್ತಿ. ನೀರಿನ ಕಡೆನೂ ಬಾಗಲಾ ಅದಾವಲ್ರಿ."

"ಅದಾವ. ಆದ್ರ ಯಾರರ ಹೊರಗ ಬರಬೇಕಲ್ಲ? ಒಬ್ಬರನ್ನರ ನೋಡೇ ಹೋಗೂದು."

ಒಂದು ಚಿಕ್ಕ ಸೇತುವೆಯ ಮೆಟ್ಟಿಲ ಮೇಲೆ ಅತ್ತೆ ಸೆರಗು ಹೊದ್ದು ಕೂತೇಬಿಟ್ಟರು. ಎದುರಿಗೆ ಕಾಲುವೆ, ಅದರ ಅಂಚಿನ ಮನೆಯೊಂದಕ್ಕೆ ನೀಲಿ ಬಾಗಿಲು, ಪಾಚಿಗಟ್ಟಿದ ಮೆಟ್ಟಿಲು. ಸೂರ್ಯ ನೆತ್ತಿಗೆ ಬಂದ. ಕಲ್ಲು ಕಾದು ಹಂಚಾಯಿತು. ನೀರು ನಾರತೊಡಗಿತು. ನಮ್ಮದು ಒಣಬಿಸಿಲು, ಸುಟ್ಟರೂ ಮರ್ಯಾದೆಯಿಂದ ಸುಡುತ್ತದೆ. ಇದು ಇಡ್ಲಿ ಪಾತ್ರೆಯೊಳಗಿನ ಬಿಸಿಲು. ನೆರಳಿಗೆ ಹೋಗೋಣ ಎನ್ನಲು ನನಗೆ ನಾಚಿಕೆ, ಕುಲುಮೆಯ ಮನುಷ್ಯನಲ್ಲವೇ? ಅತ್ತೆಯ ಹಟದ ಪಕ್ಕದಲ್ಲಿ ನನ್ನ ಹಟವನ್ನೂ ನಿಲ್ಲಿಸಿಕೊಂಡೆ. ನೋಡುತ್ತಿದ್ದಂತೆ ನೀಲಿ ಬಾಗಿಲು ಎರಡಾಯಿತು, ಮೂರಾಯಿತು. ನಾನು ಕುಸಿದೆ.

ಕಣ್ಣು ಬಿಟ್ಟಾಗ ತಣ್ಣನೆಯ ನೆಲದ ಮೇಲಿದ್ದೆ, ಹಣೆಗೆ ಒದ್ದೆ ಬಟ್ಟೆ. ತಲೆಯ ಹತ್ತಿರ ಅತ್ತೆ, ಕಾಲ ಹತ್ತಿರ ಬಿಳಿಗೂದಲಿನ ಮುದುಕಿ. ನಾನು ಬಿದ್ದದ್ದನ್ನು ಕಿಟಕಿಯಿಂದ ಕಂಡು ಓಡಿಬಂದು, ಅತ್ತೆಯ ಜೊತೆ ಸೇರಿ ನನ್ನನ್ನು ಓಣಿಯ ಬಾಗಿಲಿನಿಂದ ತನ್ನ ಮನೆಯೊಳಗೆ ಸಾಗಿಸಿದವಳು ಅವಳೇ.

"ಟೊಪ್ಪಿಗಿ ತರ್ರಿ ಅಂತ ಸುಮಾ ಹೇಳಿದ್ಲು, ಕೇಳಿದ್ರೇನು?" ಎಂದು ಅತ್ತೆ ಗದರಿದರು. ಮುದುಕಿಯೂ ತಲೆ ಮುಟ್ಟಿ ತೋರಿಸಿ ತನ್ನ ಭಾಷೆಯಲ್ಲಿ ಗದರಿದಳು. ನನ್ನನ್ನು ಬೈಯುವುದರಲ್ಲಿ ಅವರಿಬ್ಬರಿಗೂ ದುಭಾಷಿ ಬೇಕಾಗಲಿಲ್ಲ.

ಆಗಲೇ ಅತ್ತೆಯ ಕಣ್ಣು ಕೋಣೆಯ ಇನ್ನೊಂದು ತುದಿಗೆ ಹೋಯಿತು. ನೀಲಿ ಬಾಗಿಲು! ನಾವು ಕಾದದ್ದು ಇದೇ ಮನೆಯ ಮುಂದೆ. ಅತ್ತೆ ಬಾಗಿಲಿನತ್ತ ಬೆರಳು ಮಾಡಿದರು, ತಮ್ಮ ಎದೆ ಮುಟ್ಟಿಕೊಂಡರು, ಎರಡೂ ಕೈಯಿಂದ ಹುಟ್ಟು ಹಾಕಿ ತೋರಿಸಿದರು. ಭೂಪಟದ ಮುಂದೆ ಪಳಗಿದ ಕೈಗಳು; ಅರ್ಥವಾಗದೆ ಇದ್ದೀತೇ? ಮುದುಕಿ ನಗುತ್ತ ಅಗುಳಿ ತೆಗೆದು, ಹೊರಗೆ ಹೋಗುತ್ತಿದ್ದ ತರಕಾರಿ ದೋಣಿಯವನನ್ನು ಕೂಗಿದಳು.

"ಇನ್ನ ಯಾರರ ಬರಲಿ ಅಂತ ಯಾಕ ಕಾಯೂದ್ರಿ?" ಎಂದವರೇ ಅತ್ತೆ ಇಳಕಲ್ ಸೀರೆಯ ನಿರಿಗೆ ಎತ್ತಿ ಹಿಡಿದು, ಹೊಸ್ತಿಲಿನಿಂದ ದೋಣಿಗೆ ಬಲಗಾಲಿಟ್ಟರು. ಬದನೆಕಾಯಿ ಬುಟ್ಟಿಗಳ ನಡುವೆ ಮಹಾರಾಣಿಯಂತೆ ಕೂತು, "ಅಳಿಯಾರ, ಫೋಟೋ ತೆಗೀರಿ!" ಎಂದು ಕೂಗಿದರು. ನಾನು ಏಳಹೋದೆ. ಮುದುಕಿ ನನ್ನ ಎದೆಯ ಮೇಲೆ ಅಂಗೈ ಇಟ್ಟು ಮತ್ತೆ ಮಲಗಿಸಿದಳು. ಮುಂದಿನ ಸೇತುವೆಯವರೆಗೆ ಹೋಗಿ, ಓಣಿಗುಂಟ ನಡೆದು ಬಂದ ಅತ್ತೆಯ ಮುಖ ನೋಡಬೇಕಿತ್ತು. ಮೂವತ್ತು ವರ್ಷದ ಪಾಠ ಆಗ ತಾನೇ ಪಾಸಾಗಿತ್ತು.

ಈಗ ನೆಂಟರು ಬಂದಾಗಲೆಲ್ಲ ವೆನಿಸ್ ಎಂದರೆ ಅತ್ತೆಯದೇ ಮಾತು. ಕೊನೆಗೆ ಯಾರಾದರೂ ಸೌಜನ್ಯಕ್ಕೆ ನನ್ನತ್ತ ತಿರುಗಿ, "ನೀವೇನೇನು ನೋಡಿದ್ರಿ?" ಎನ್ನುತ್ತಾರೆ. ಆ ಮನೆಯ ಮಾಳಿಗೆಗೆ ಭಾರೀ ದಪ್ಪನೆಯ ತೊಲೆಗಳಿದ್ದವು. ಮಲಗಿದಲ್ಲಿಂದ ಅವುಗಳ ಗಂಟು, ಬಿರುಕು ಎಲ್ಲ ಸ್ಪಷ್ಟವಾಗಿ ಕಾಣುತ್ತಿದ್ದವು. ಅವುಗಳ ಬಗ್ಗೆ ನನ್ನಷ್ಟು ಅಧಿಕಾರದಿಂದ ಮಾತಾಡಬಲ್ಲವರು ಇಡೀ ಹೈದರಾಬಾದಿನಲ್ಲಿ ಇನ್ನೊಬ್ಬರಿಲ್ಲ.