ಪಾರ್ಕಿಂಗ್ ನೆರಳಿನ ಸೂಪರ್‌ಹೀರೋ

ಕೊಲ್ಲಿ ನಾಡಿನ ನಮ್ಮ ಕನ್ನಡ ಬಳಗದ ವಾರ್ಷಿಕ ಸಂಚಿಕೆಗೆ ನಾನು ಸಂಪಾದಕಿ. ನಗುವ ವಿಷಯವನ್ನು ಹುಡುಕಿಕೊಂಡು ಹೋಗುವ ಕಷ್ಟ ನನಗಿಲ್ಲ, ಅದೇ ಬಂದು ಬೆಲ್ ಒತ್ತುತ್ತದೆ. ಈಚೆಗೆ ಅದು ಇಳಿದು ಬರುವುದು ಮೇಲಿನ ಮಹಡಿಯಿಂದ. ಅಲ್ ಅಜೈಬಾದ ನಮ್ಮ ಕಟ್ಟಡದಲ್ಲಿ, ಸರಿಯಾಗಿ ನನ್ನ ತಲೆಯ ಮೇಲೆ, ಬಾಗಲಕೋಟೆ ಕಡೆಯ ಡ್ರಾಫ್ಟ್ಸ್‌ಮನ್ ಒಬ್ಬರಿದ್ದಾರೆ. ಹಗಲು ಕಂಪನಿಗೆ ಪೈಪ್‌ಲೈನ್ ನಕ್ಷೆ, ಸಂಜೆ ನಮ್ಮ ಸಂಚಿಕೆಗೆ ಚಿತ್ರಕಥೆ.

೧. ಸಾರಿನ ಮಹಿಮೆ

"ಅಕ್ಕಾರ, ಈ ಸಲ ಸೂಪರ್‌ಹೀರೋ ಕತಿ ರೀ," ಎಂದು ಹಾಳೆಗಳನ್ನು ಹರಡಿದರು.

ಬಳಗದ ಊಟದಲ್ಲಿ ಒಂದೇ ಪಾತ್ರೆಯ ಸಾರು ಕುಡಿದವರಿಗೆಲ್ಲ ಶಕ್ತಿ ಬರುತ್ತದೆ. ಹಾರುವುದು, ಬೆಟ್ಟ ಎತ್ತುವುದು ಯಾವುದೂ ಅಲ್ಲ. ಒಬ್ಬರ ಮೂಗಿಗೆ ಪಾರ್ಕಿಂಗಿನಲ್ಲಿ ನೆರಳು ಎಲ್ಲುಂಟೆಂದು ಗೊತ್ತಾಗುತ್ತದೆ. ಇನ್ನೊಬ್ಬರು ಮುಟ್ಟಿದರೆ ಕೆಟ್ಟ ಏಸಿ ಓಡುತ್ತದೆ, ಆದರೆ ಪಕ್ಕದ ಮನೆಯದ್ದು.

"ಚಂದ ಉಂಟು ಮಾರಾಯ್ರೆ. ಆದರೆ ಮುಂದಿನ ಪುಟದಲ್ಲೇ ಇವರೆಲ್ಲ ದೂರದ ಖಸಬ್ ಬಂದರಿನಲ್ಲಿದ್ದಾರೆ, ಅಲ್ಲಿಗೆ ಯಾವಾಗ ಹೋದರು?"

"ಅದು ಮುಂದ ತಿಳೀತದ ರೀ."

ಮುಂದೆ ಓದಿದೆ. ಇನ್ನೊಂದು ಹಡಗು ಬಂತು, ಅಷ್ಟೇ.

೨. ನೈಟಿ ಪ್ರಕರಣ

ಕರಡು ಪ್ರತಿ ವಾಟ್ಸಾಪ್ ಗುಂಪಿಗೆ ಹೋಯಿತು. ಕಥೆ ಯಾರಿಗೂ ಅರ್ಥವಾಗಲಿಲ್ಲ, ಅದರಲ್ಲಿ ತಾವು ಯಾರೆಂದು ಮಾತ್ರ ಎಲ್ಲರಿಗೂ ಅರ್ಥವಾಯಿತು. ಮೊದಲ ಫೋನ್ ಖಜಾಂಚಿಯ ಹೆಂಡತಿಯದು.

"ಬೇರೆಯವರಿಗೆ ಏಸಿ, ನೆರಳು. ನನಗೆ ಮಾತ್ರ ಫ್ರಿಜ್ ತೆರೆಯದೆ ಮೀನು ಎಷ್ಟು ಹಳತೆಂದು ಹೇಳುವ ಶಕ್ತಿಯಾ? ನಮ್ಮಲ್ಲಿ ಹಳೆ ಮೀನು ಇರುವುದೇ ಇಲ್ಲ!"

"ಅಯ್ಯೋ, ಅದು ನೀವಲ್ಲ ಅಕ್ಕ."

"ಮತ್ತೆ ಅವಳು ನನ್ನ ನೈಟಿ ಯಾಕೆ ಹಾಕಿದ್ದಾಳೆ?"

೩. ಬಾಣಗಳು

ಅಧ್ಯಕ್ಷರು ಸಭೆಯಲ್ಲಿ ಖಡಾಖಂಡಿತ ಹೇಳಿದರು: "ಹೋದ ವರ್ಷವೂ ತಲೆಬುಡ ತಿಳಿಯಲಿಲ್ಲ. ಈ ಸಲವೂ ಹಾಗೇ ಆದರೆ ಖಲಾಸ್, ಆ ಪುಟಗಳಿಗೆ ಅಡುಗೆ ವಿಧಾನ."

ಡ್ರಾಫ್ಟ್ಸ್‌ಮನ್ ಮುಖ ಸಣ್ಣದಾಯಿತು. ಮೆಟ್ಟಿಲಲ್ಲಿ ಸಿಕ್ಕಾಗ, "ಪೈಪಿನ ಚಿತ್ರಾ ತಗದ್ರ ಪಗಾರ ಬರ್ತದ ಅಕ್ಕಾರ. ಇದನ್ನ ತಗದ್ರ ಜೀವಕ್ಕ ಹಿತಾ ಅನಸ್ತದ," ಎಂದರು. ನನಗೆ ಪಾಪ ಅನಿಸಿತು. ಯಾವ ಚಿತ್ರದ ನಂತರ ಯಾವುದು ಎಂದು ಬಾಣ ಹಾಕಿ ಎಂದೆ.

ಹಾಕಿದರು. ಕೈಯ ಅಭ್ಯಾಸ ನೋಡಿ, ಪ್ರತಿ ಬಾಣಕ್ಕೂ ಮಿಲಿಮೀಟರಿನಲ್ಲಿ ಅಳತೆ. ನಾಯಕನ ಮೂಗಿನ ಉದ್ದ ತಿಳಿಯಿತು, ಅವನು ಖಸಬಿಗೆ ಯಾಕೆ ಹೋದ ಎಂಬುದು ತಿಳಿಯಲಿಲ್ಲ.

೪. ಪ್ರೆಸ್ಸಿನ ಕೃಪೆ

ಚಿತ್ರಕಥೆಯನ್ನು ಪ್ರತ್ಯೇಕ ಪುಸ್ತಿಕೆ ಮಾಡಿ ಪ್ರೆಸ್ಸಿಗೆ ಕೊಟ್ಟೆವು. ಅಲ್ಲಿ ದಿನವೂ ಆಗುವುದು ಅರಬ್ಬಿ ಕೆಲಸ. ಪುಸ್ತಿಕೆಗಳು ಸಮಾರಂಭದ ದಿನ ನೇರ ಸಭಾಂಗಣಕ್ಕೇ ಬಂದವು. ಬಿಚ್ಚಿ ನೋಡಿದರೆ ಅರಬ್ಬಿ ಪುಸ್ತಕದಂತೆ ಬಲಗಡೆ ಹೊಲಿದಿದ್ದಾರೆ! ನಮ್ಮ ರೂಢಿಯಲ್ಲಿ ತೆರೆದರೆ ಮೊದಲು ಸಿಗುವುದು ಕೊನೆಯ ಪುಟ.

"ಹೋತ್ರೀ, ಎಲ್ಲಾ ಹೋತು," ಎಂದು ಡ್ರಾಫ್ಟ್ಸ್‌ಮನ್ ಕುರ್ಚಿಯಲ್ಲಿ ಕುಸಿದರು. ಅಷ್ಟರಲ್ಲಿ ಜನ ಓದತೊಡಗಿದ್ದರು, ಹಿಂದಿನಿಂದ ಮುಂದಕ್ಕೆ. ಖಸಬಿನಲ್ಲಿ ಚೆದುರಿದ್ದವರು ಒಬ್ಬೊಬ್ಬರಾಗಿ ಅಜೈಬಾಕ್ಕೆ ಬಂದರು, ಶಕ್ತಿಗಳು ಒಂದೊಂದಾಗಿ ಹೋದವು, ಕಡೆಗೆ ಎಲ್ಲರೂ ಒಟ್ಟಿಗೆ ಕೂತು ಸಾರು ಕುಡಿದರು.

"ಸದ್ಯ, ಆ ಮೀನಿನ ಶಕ್ತಿ ಹೋಯಿತಲ್ಲ," ಎಂದರು ಖಜಾಂಚಿಯ ಹೆಂಡತಿ, ತೃಪ್ತಿಯಿಂದ.

ಅಧ್ಯಕ್ಷರು ಮೈಕ್ ಹಿಡಿದರು. "ಶಕ್ತಿ ಇದ್ದಾಗ ಒಬ್ಬೊಬ್ಬರು ಒಂದೊಂದು ದಿಕ್ಕು, ಅದು ಹೋದ ಮೇಲೆ ಒಂದೇ ಪಂಕ್ತಿ. ಎಂಥ ಸಂದೇಶ! ಮುಂದಿನ ವರ್ಷ ಇವರಿಗೆ ಇಮ್ಮಡಿ ಪುಟ!"

ಚಪ್ಪಾಳೆಯ ಮಧ್ಯೆ ಶಾಲು ಹೊದ್ದು ಬಂದ ಡ್ರಾಫ್ಟ್ಸ್‌ಮನ್ ಕಣ್ಣು ಒರೆಸಿಕೊಳ್ಳುತ್ತಿದ್ದರು. "ನಿಜ ಹೇಳಿಬಿಡುವುದಾ?" ಎಂದು ಪಿಸುಗುಟ್ಟಿದೆ.

"ಸುಮ್ನಿರ್ರಿ ಅಕ್ಕಾರ," ಎಂದರು. "ಕತಿ ನನಗೂ ಈಗ ತಿಳೀತು."